ತಿರುನೆಲ್ಲಿ ಬಸ್ಸಿನ ಬಿಸಿಲ ಊಟ

ನೌಕರಿಯ ಕೊನೆಯ ವರ್ಷಗಳಲ್ಲಿ ನಾನು ಬಸ್ಸುಗಳಿಗೆ ಊಟ ಬಡಿಸುವ ಕೆಲಸದಲ್ಲಿದ್ದೆ. ಹೀಗೆಂದರೆ ಜನ ನನ್ನ ಮುಖವನ್ನೇ ನೋಡುತ್ತಾರೆ. ಕಂಪನಿ ಕೊಟ್ಟ ಹೆಸರು ಚಾರ್ಜಿಂಗ್ ಶೆಡ್ಯೂಲರ್. ಯಾವ ಕರೆಂಟ್ ಬಸ್ಸನ್ನು ಯಾವ ಹೊತ್ತಿಗೆ ಚಾರ್ಜರಿಗೆ ಹಾಕಬೇಕು, ಯಾವಾಗ ಬಿಡಿಸಬೇಕು, ಆಮೇಲೆ ಎಲ್ಲಿಗೆ ಕಳಿಸಬೇಕು ಎಂದು ಹೊಂದಿಸುವುದು ನನ್ನ ಪಾಲಿನ ಕೆಲಸ. ಮೈಸೂರಿನಲ್ಲಿರುವ ತಮ್ಮನ ಮಗಳು ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. “ಅತ್ತೆ, ಟ್ರೈನಿಂಗಲ್ಲಿ ಎಲ್ಲಾ ಹೇಳ್ಕೊಟ್ರು. ಡಿಪೋದಲ್ಲಿ ನಿಜವಾಗ್ಲೂ ಏನಾಗತ್ತೆ ಅಂತ ಮಾತ್ರ ಯಾರೂ ಹೇಳ್ಲಿಲ್ಲ” ಅಂದಳು. ಅವಳಿಗೂ ಅವಳ ಜೊತೆಯವರಿಗೂ ಇದನ್ನು ಬರೆಯುತ್ತಿದ್ದೇನೆ.

ನಾವು ವಯನಾಡಿನ ಕನ್ನಡದವರು. ನಮ್ಮಜ್ಜ ಗುಂಡ್ಲುಪೇಟೆ ಕಡೆಯಿಂದ ಬಂದು ಕಾಟ್ಟಿಕುಳದಲ್ಲಿ ನೆಲೆ ನಿಂತರು. ನಮಗೆ ಶಾಲೆ, ಆಫೀಸು ಎಲ್ಲ ಮಲಯಾಳದಲ್ಲಿ. ಜಗಳ ಮತ್ತು ಮುದ್ದು ಕನ್ನಡದಲ್ಲಿ. ಮಾನಂತವಾಡಿಯ ಒಂದು ಖಾಸಗಿ ಬಸ್ ಕಂಪನಿಯಲ್ಲಿ ನಾನು ಟೈಮ್ ಕೀಪರ್ ಆಗಿ ಸೇರಿದೆ. ಕಂಪನಿಯ ಹೆಸರು ಬೇಡ. ಮಾಲೀಕರನ್ನು ನಾವೆಲ್ಲ ಮುತಲಾಳಿ ಎನ್ನುತ್ತಿದ್ದೆವು, ಮಲಯಾಳದಲ್ಲಿ ಧಣಿ ಎಂದ ಹಾಗೆ. ಮುತಲಾಳಿ ಡೀಸೆಲ್ ಕಾಲದ ಮನುಷ್ಯ. ಬಸ್ಸು ತಿರುವಿನಲ್ಲಿ ಕಾಣುವ ಮೊದಲೇ ಅದರ ಸದ್ದು ಕೇಳಿ, “ಅದಾ, ವರ್ಗೀಸ್ ಬಂದ. ಗೇರ್ ಬಾಕ್ಸಿಗೆ ಹೊಡೀತಿದಾನೆ ಪಾಪಿ” ಅನ್ನುತ್ತಿದ್ದರು. ವರ್ಗೀಸ್ ಪುಲ್ಪಳ್ಳಿಯ ಮೆಣಸಿನ ತೋಟದ ಮನೆಯವನು, ತಿರುನೆಲ್ಲಿ ರೂಟಿನ ಡ್ರೈವರ್. ಬಾಯಿ ಜೋರು, ಕೈ ಮಾತ್ರ ಬಹಳ ಹದ. ಅವನ ಬಸ್ಸಿನಲ್ಲಿ ಮೊಟ್ಟೆ ಬುಟ್ಟಿ ಹಿಡಿದು ಕೂತವರು ಒಂದು ಮೊಟ್ಟೆಯನ್ನೂ ಕಳೆದುಕೊಂಡಿದ್ದಿಲ್ಲ.

ಒಂದು ದಿನ ಮುತಲಾಳಿ ಐದು ಕರೆಂಟ್ ಬಸ್ಸು ಬಾಡಿಗೆಗೆ ತಂದರು. ತೆಂಗಿನಕಾಯಿ ಒಡೆದು, ನಿಂಬೆಹಣ್ಣು ಇಟ್ಟು, ಸ್ಟಾರ್ಟ್ ಮಾಡು ಅಂದರು. ಮಾಡಿಯಾಗಿತ್ತು. ಯಾರಿಗೂ ಗೊತ್ತೇ ಆಗಲಿಲ್ಲ. ನಿಂಬೆಹಣ್ಣು ಪಚಕ್ ಅಂದಾಗಲೇ ಬಸ್ಸು ಹೊರಟಿದೆ ಎಂದು ತಿಳಿದದ್ದು. ಮುತಲಾಳಿಯ ಮುಖ ಸಪ್ಪಗಾಯಿತು. ಸದ್ದಿಲ್ಲದ ಬಸ್ಸಿನಲ್ಲಿ ಅವರಿಗೆ ಬೈಯಲು ಏನೂ ಸಿಗುತ್ತಿರಲಿಲ್ಲ.

ಡ್ರೈವರುಗಳ ಹಳೆಯ ಚಾಳಿಗಳು ಬಸ್ಸಿನ ಜೊತೆಗೆ ಬದಲಾಗಲಿಲ್ಲ. ಬೆಳಿಗ್ಗೆ ಎಂಜಿನ್ ಬಿಸಿಯಾಗಲಿ ಎಂದು ಒಬ್ಬ ಬಸ್ಸನ್ನು ಆನ್ ಮಾಡಿ ಚಹಾ ಕುಡಿಯಲು ಹೋಗುತ್ತಿದ್ದ. ಅಲ್ಲಿ ಬಿಸಿಯಾಗುವುದಕ್ಕೆ ಎಂಜಿನ್ನೇ ಇಲ್ಲ. ವರ್ಗೀಸನದು ಇನ್ನೂ ದೊಡ್ಡ ಚಾಳಿ. ಇಳಿಜಾರು ಬಂತೆಂದರೆ ನ್ಯೂಟ್ರಲ್ಲಿಗೆ ಹಾಕಿ ತೇಲಿಸಿಬಿಡುವುದು. ಡೀಸೆಲ್ ಉಳಿಸುವ ನಮ್ಮ ಬೆಟ್ಟದ ಡ್ರೈವರುಗಳ ವಿದ್ಯೆ ಅದು. ತಪ್ಪೆಂದು ಗೊತ್ತಿದ್ದೂ ಬಿಡದ ವಿದ್ಯೆ. ಕರೆಂಟ್ ಬಸ್ಸಿಗೆ ಇದು ಪೂರ್ತಿ ಉಲ್ಟಾ. ನ್ಯೂಟ್ರಲ್ ಮಾಡದೆ ಇಳಿದರೆ ಚಕ್ರವೇ ಮೋಟಾರನ್ನು ತಿರುಗಿಸಿ ಬ್ಯಾಟರಿಗೆ ಸ್ವಲ್ಪ ಕರೆಂಟು ವಾಪಸ್ ತುಂಬುತ್ತದೆ. ನ್ಯೂಟ್ರಲ್ ಮಾಡಿದರೆ ಅಷ್ಟೂ ಹೋಯಿತು. ಇದನ್ನು ಹೇಳಲು ಬಂದವಳು ಶಹನಾ, ಬಸ್ಸುಗಳನ್ನು ಬಾಡಿಗೆಗೆ ಕೊಟ್ಟವರ ಕಡೆಯ ಎಂಜಿನಿಯರ್, ಕೋಯಿಕ್ಕೋಡಿನ ಹುಡುಗಿ.

“ಇಳಿಯೋವಾಗ ಚಾರ್ಜ್ ಏರುತ್ತಾ? ಮೋಳೆ, ನನ್ನನ್ನ ಏನಂದ್ಕೊಂಡಿದೀಯ?” ಅಂದ ವರ್ಗೀಸ್. ಮೋಳೆ ಎಂದರೆ ಮಗಳೇ ಅಂತ. ಅವರ ಮಾತೆಲ್ಲ ಮಲಯಾಳದಲ್ಲಿ ನಡೆದದ್ದು, ಇಲ್ಲಿ ನನ್ನ ಕನ್ನಡ.

ಶಹನಾ ವಾದಕ್ಕೆ ನಿಲ್ಲಲಿಲ್ಲ. “ಅಂಕಲ್, ಒಂದೇ ಒಂದು ಸಲ ನ್ಯೂಟ್ರಲ್ ಮುಟ್ಟದೆ ಇಳೀರಿ. ಏರದಿದ್ರೆ ನಾನು ಕೋಯಿಕ್ಕೋಡಿಗೆ ನಡ್ಕೊಂಡು ಹೋಗ್ತೀನಿ” ಅಂದಳು. ಅವಳು ನಡೆಯಬೇಕಾಗಿ ಬರಲಿಲ್ಲ. ಅಂದಿನಿಂದ ವರ್ಗೀಸ್ ಇಳಿಜಾರಿನ ಭಕ್ತನಾದ. ಹೋಟೆಲಿನಲ್ಲಿ ಉಳಿದ ಡ್ರೈವರುಗಳ ಮುಂದೆ, ಇವತ್ತು ನಾನು ಎಷ್ಟು ಹಿಂಡಿದೆ ಗೊತ್ತಾ ಎಂದು, ಹಾಲು ಕರೆದವನ ಹಾಗೆ ಕೊಚ್ಚಿಕೊಳ್ಳುತ್ತಿದ್ದ.

ಇನ್ನು ನನ್ನ ಕೆಲಸದ ವಿಷಯ. ಮೊದಮೊದಲು ನಾವು ಬಸ್ಸುಗಳು ಸಂಜೆ ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಾಕುತ್ತಿದ್ದೆವು. ದುಡಿದು ಬಂದವರಿಗೆ ಊಟ, ಅಷ್ಟೇ ನಮ್ಮ ತಿಳಿವಳಿಕೆ. ಶಹನಾ ಒಂದು ದಿನ ಪಕ್ಕದಲ್ಲಿ ಕೂತು, “ಗೌರಿಚೇಚಿ, ಕರೆಂಟಿಗೂ ಹೊತ್ತುಗೊತ್ತು ಇದೆ” ಅಂದಳು. ಚೇಚಿ ಅಂದರೆ ಅಕ್ಕ. ನಡುಹಗಲು ತಂತಿಯಲ್ಲಿ ಬಿಸಿಲಿನ ಕರೆಂಟು ಬೇಕಾದಷ್ಟು ಇರುತ್ತದೆ, ಬಳಸುವವರು ಕಡಿಮೆ. ಸಂಜೆ ದೀಪ, ಫ್ಯಾನು, ಮಿಕ್ಸಿ, ಟಿವಿ ಎಲ್ಲ ಒಟ್ಟಿಗೆ ಹಚ್ಚುತ್ತಾರೆ. ಆಗ ಬಿಸಿಲೂ ಇರುವುದಿಲ್ಲ.

“ನಮ್ಮಲ್ಲೇ ಅಣೆಕಟ್ಟು ಇದೆಯಲ್ಲ, ನೀರಿನ ಕರೆಂಟು?” ಎಂದು ನಾನು ಕೇಳಿದೆ.

“ಅದು ಸಂಜೆಗೆ ಸಾಲಲ್ಲ ಚೇಚಿ. ಉಳಿದಿದ್ದು ಹೊರಗಿಂದ ಬರ್ಬೇಕು. ಅದರಲ್ಲಿ ಹೆಚ್ಚಿನದು ಕಲ್ಲಿದ್ದಲು ಸುಟ್ಟು ಮಾಡಿದ್ದು. ನಮ್ಮ ಬಸ್ಸಿಗೆ ಹೊಗೆ ಕೊಳವೆ ಇಲ್ಲ ಅಂತ ನಾವು ಬೀಗ್ತೀವಿ. ಸಂಜೆ ಚಾರ್ಜ್ ಮಾಡಿದ್ರೆ ಹೊಗೆ ಇನ್ನೆಲ್ಲೋ ಬೇರೆಯವರ ಊರಲ್ಲಿ ಬರತ್ತೆ, ಅಷ್ಟೇ.”

ಈ ಮಾತು ನನಗೆ ಚೆನ್ನಾಗಿ ನಾಟಿತು. ನಮ್ಮ ಅಂಗಳ ಗುಡಿಸಿ ಕಸವನ್ನು ಪಕ್ಕದವರ ಅಂಗಳಕ್ಕೆ ತಳ್ಳಿದ ಹಾಗಾಯಿತಲ್ಲ ಅನ್ನಿಸಿತು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಹಾಗೆ ಬಿಸಿಲು ಬಂದಾಗ ತುಂಬಿಕೋ ಎಂದು ನಾನು ಒಪ್ಪಿಕೊಂಡೆ.

ಒಪ್ಪಿಕೊಳ್ಳುವುದು ಸುಲಭ. ಬಸ್ಸುಗಳ ಬಾಡಿಗೆಯ ಷರತ್ತಿನಲ್ಲೂ ಇದೇ ಬರೆದಿತ್ತು: ಮಳೆಗಾಲ ಹಿಡಿಯುವ ಮೊದಲು ಸಂಜೆಯ ಚಾರ್ಜಿಂಗ್ ಬಹುಪಾಲು ಹಗಲಿಗೆ ಬರಬೇಕು, ಇಲ್ಲವಾದರೆ ಬಸ್ಸುಗಳನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿದ್ದದ್ದು ಎರಡೇ ಚಾರ್ಜರು. ಬೆಳಗಿನ ಟ್ರಿಪ್ ಮುಗಿಸಿ ಬಸ್ಸುಗಳು ಒಂದರ ಹಿಂದೆ ಒಂದು ಬಂದು ನಿಂತರೆ, ಎಷ್ಟು ಹೊಂದಿಸಿದರೂ ತಿರುನೆಲ್ಲಿ ಬಸ್ಸಿನ ಸರದಿ ಬರುವುದು ಸರಿಯಾಗಿ ನಡುಹಗಲಿಗೆ. ನಡುಹಗಲಿಗೆ ಅದು ತಿರುನೆಲ್ಲಿಗೆ ಹೊರಡಬೇಕು. ಚಾರ್ಜಿಲ್ಲದೆ ಹೋದರೆ ವಾಪಸ್ ಬರುವುದು ಅನುಮಾನ.

ಮುತಲಾಳಿ ಎರಡು ನಿಮಿಷ ಯೋಚಿಸಿ, “ಹಂಗಿದ್ರೆ ನಡುಹಗಲ ತಿರುನೆಲ್ಲಿ ಟ್ರಿಪ್ ತೆಗೆದುಬಿಡು. ಹೇಗೂ ಅದರಲ್ಲಿ ಸೀಟು ತುಂಬಲ್ಲ. ಆ ಹೆಂಗಸರಿಗೆ ನೀನೇ ಹೇಳಿಬಿಡು, ನಿನಗೆ ಅವರ ಭಾಷೆ ಬರ್ತದೆ” ಅಂದರು.

ಆ ಹೆಂಗಸರು ಅಂದರೆ ಬೊಮ್ಮಕ್ಕ ಮತ್ತು ಅವಳ ಜೊತೆಯವರು. ತಿರುನೆಲ್ಲಿ ರಸ್ತೆಯ ಕಾಡಂಚಿನ ಹಾಡಿಯವರು. ಬೆಳಗಿನ ಬಸ್ಸಿಗೆ ಬಂದು ಸ್ಟಾಂಡಿನ ಗೋಡೆಯ ಪಕ್ಕ ಕೂತು ಕಾಡುಸೊಪ್ಪು, ಗೆಡ್ಡೆ, ಕಾಲ ಬಂದಾಗ ಜೇನು ಮಾರಿ, ನಡುಹಗಲ ಬಸ್ಸಿಗೆ ಹಿಂದಿರುಗುವವರು. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ನಾನು ಟೈಮ್ ಕೀಪರ್ ಆಗಿ ಸೇರಿದ ಕಾಲದಿಂದ ಬೊಮ್ಮಕ್ಕ ನನಗೆ ಗೊತ್ತು. ಅವಳು ಬಸ್ಸಿನಿಂದ ಇಳಿದ ಮೇಲೆ ಹಾಡಿಗೆ ಕಾಡಿನೊಳಗೆ ನಡೆಯಬೇಕು. ನಡುಹಗಲ ಬಸ್ಸಿಗೆ ಹೋದರೆ ಬೆಳಕಿನಲ್ಲೇ ಮನೆ. ಸಂಜೆ ಬಸ್ಸಿಗೆ ಹೋದರೆ ಅದೇ ದಾರಿಯಲ್ಲಿ ಆನೆಗಳು ನೀರಿಗೆ ಇಳಿಯುವ ಹೊತ್ತು. ಒಮ್ಮೆ ಬಸ್ಸು ಕೆಟ್ಟು ಸಂಜೆ ಹೋದಾಗ ಅವಳ ಓರಗಿತ್ತಿಯನ್ನು ಆನೆ ಅಟ್ಟಿಸಿಕೊಂಡು ಬಂದಿತ್ತು, ಓಡುವಾಗ ಅವಳು ಬಿದ್ದು ಕಾಲು ಮುರಿದುಕೊಂಡಿದ್ದಳು. ನಡುಹಗಲ ಬಸ್ಸು ನಿಂತರೆ ಬೊಮ್ಮಕ್ಕನ ಮಾರಾಟವೂ ನಿಲ್ಲುತ್ತದೆ. ಹೊಟ್ಟೆಪಾಡಿಗೆಂದು ಹಟ ಹಿಡಿದು ಬಂದರೆ ಇನ್ನೂ ಕೆಟ್ಟದ್ದು. ಇದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಹೇಳಲೆಂದೇ ಹೋದೆ. ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತೆ.

“ಏನ್ ಗೌರಕ್ಕ, ಇವತ್ತು ಆಫೀಸು ಬುಟ್ಟು ಬಂದ್ಬುಟ್ಟೆ?” ಅಂದಳು.

“ಸುಮ್ನೆ, ಸೊಪ್ಪು ನೋಡೋಣ ಅಂತ.”

“ನೋಡೋಕೆ ಕಾಸಿಲ್ಲ. ತಕ್ಕೊಂಡ್ ನೋಡು.”

ಎರಡು ಕಟ್ಟು ಸೊಪ್ಪು ತೆಗೆದುಕೊಂಡು ವಾಪಸ್ ಬಂದೆ. ಮರುದಿನ ಗಟ್ಟಿ ಮನಸ್ಸು ಮಾಡಿ ಹೋದೆ, ಮತ್ತೆ ಸೊಪ್ಪು. ಅದರ ಮರುದಿನ ಗೆಡ್ಡೆ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಮಸ್ಸೊಪ್ಪು, ಬಸ್ಸಾರು, ಪಲ್ಯ, ಮತ್ತೆ ಮಸ್ಸೊಪ್ಪು. ನಮ್ಮ ಯಜಮಾನರು ತಟ್ಟೆ ನೋಡಿ, “ಗೌರಿ, ನಂಗೆ ಬಾಲ ಗೀಲ ಬಂದಿದ್ಯಾ ನೋಡು, ಮೇಯೋಕೆ ನಾನೇ ಹೋಗ್ತೀನಿ” ಅಂದರು. ನನಗೆ ನಗುವೂ ಬಂತು, ಅಳುವೂ ಬಂತು. ವಿಷಯ ಹೇಳಿದೆ. ಅವರು ಊಟ ಮುಗಿಸಿ ಕೈ ತೊಳೆದು, “ಹೇಳೋಕಾಗದಿದ್ರೆ ಹೇಳ್ಬೇಡ. ಹೇಳೋ ಹಂಗಿಲ್ದೇ ಇರೋ ತರ ಮಾಡು” ಎಂದು ಮಲಗಲು ಹೋದರು. ಕೂತು ಹೇಳುವವರಿಗೆ ಏನು.

ಮರುದಿನ ಶಹನಾಳನ್ನು ಕೂರಿಸಿಕೊಂಡೆ. ಅವಳು ಕಂಪ್ಯೂಟರಿನಲ್ಲಿ ಹೇಗೆ ತಿರುಗಿಸಿದರೂ ಚಾರ್ಜರುಗಳು ಖಾಲಿಯಾಗುತ್ತಿರಲಿಲ್ಲ. ಆಗ ನಾನು ಸುಮ್ಮನೆ ಬೇಸರಕ್ಕೆ, “ಈ ತಲಶ್ಶೇರಿ ಬಸ್ಸು ಒಂದು ಕುಂಭಕರ್ಣ. ಗನ್ ಬಿಡೋದೇ ಇಲ್ಲ ನೋಡು” ಅಂದೆ. ಗನ್ ಎಂದರೆ ಬಸ್ಸಿಗೆ ಚುಚ್ಚುವ ಚಾರ್ಜರಿನ ಕೊಳವೆ. ಶಹನಾ ತಿರುಗಿ ನೋಡಿದಳು.

“ಅದನ್ನ ಎಷ್ಟು ತುಂಬಿಸ್ತೀರಿ?”

“ಪೂರ್ತಿ.”

“ಯಾಕೆ?”

ಯಾಕೆ ಎಂದು ಕೇಳಿದ್ದೇ ನನಗೆ ಅರ್ಥವಾಗಲಿಲ್ಲ. ನಮ್ಮ ಮನೆಯಿಂದ ಯಾರನ್ನೂ ಅರೆಹೊಟ್ಟೆಯಲ್ಲಿ ಕಳಿಸಿದ್ದಿಲ್ಲ. ಅಂಚೆಯವನು ಬಂದರೂ ಕೂರಿಸಿ ಏನಾದರೂ ಕೊಡುತ್ತೇವೆ. ಅದೂ ದೂರದೂರಿಗೆ, ಘಟ್ಟ ಇಳಿದು ಹೋಗುವ ಬಸ್ಸು. ಡಿಪೋದಲ್ಲಿ ಎಲ್ಲರದೂ ಇದೇ ಬುದ್ಧಿ: ಡ್ರೈವರು ಫುಲ್ ಎನ್ನುವ ತನಕ ಕೂತಲ್ಲಿಂದ ಏಳುತ್ತಿರಲಿಲ್ಲ, ಮುತಲಾಳಿ ಫುಲ್ ಆಯ್ತಾ ಎಂದು ಕೇಳದೆ ಬಿಡುತ್ತಿರಲಿಲ್ಲ. ಶಹನಾ ಹಣೆ ಚಚ್ಚಿಕೊಂಡಳು. ಬ್ಯಾಟರಿಯ ಕೊನೆಯ ಪಾಲು ತುಂಬುವುದು ಬಹಳ ನಿಧಾನವಂತೆ. ಹೊಟ್ಟೆ ತುಂಬಿದವನಿಗೆ ಕೊನೆಯ ಹೋಳಿಗೆ ಇಳಿಯದ ಹಾಗೆ. ಆ ಕೊನೆಯ ಪಾಲಿಗೇ ಚಾರ್ಜರು ಅಷ್ಟು ಹೊತ್ತು ಸಿಕ್ಕಿಕೊಳ್ಳುತ್ತಿತ್ತು. ಸಾಲದ್ದಕ್ಕೆ, ತುಂಬಿದ ಬಸ್ಸು ಘಟ್ಟ ಇಳಿಯುವಾಗ ಚಕ್ರ ಕೊಡುವ ಕರೆಂಟನ್ನು ಹಿಡಿದಿಡಲು ಬ್ಯಾಟರಿಯಲ್ಲಿ ಜಾಗ ಸಾಲುವುದಿಲ್ಲ. ಕೆಳಗೆ ತಲಶ್ಶೇರಿಯಲ್ಲಿ ಇನ್ನೊಂದು ಚಾರ್ಜರು ಬೇರೆ ಇದೆ.

“ಊಟ ಬಲ್ಲವನಿಗೆ ರೋಗವಿಲ್ಲ ಅಂತ ನಮ್ಮಲ್ಲಿ ಹೇಳ್ತಾರೆ” ಅಂದೆ.

“ಬಸ್ಸಿಗೂ ಅದೇ ಚೇಚಿ” ಅಂದಳು.

ತಲಶ್ಶೇರಿ ಡ್ರೈವರು ಮಾತ್ರ ಒಪ್ಪಲಿಲ್ಲ. ಘಟ್ಟದ ಮಧ್ಯೆ ನಿಂತುಬಿಟ್ಟರೆ ಜನ ನನ್ನನ್ನು ಹೊಡೀತಾರೆ, ನಿಮ್ಮನ್ನಲ್ಲ ಅಂದ. ಅದೂ ನ್ಯಾಯವೇ. ಕೊನೆಗೆ ಒಂದು ದಿನ ನಾನೂ ಶಹನಾಳೂ ಅವನ ಹಿಂದಿನ ಸೀಟಿನಲ್ಲಿ ಕೂತು ಹೋದೆವು. ಜೊತೆಗೆ ರಜೆ ಹಾಕಿ ವರ್ಗೀಸನೂ ಬಂದ, ಇಳಿಜಾರಿನ ವಿಷಯದಲ್ಲಿ ತಾನೇ ಪಂಡಿತ ಎಂದು. ಘಟ್ಟದ ಪ್ರತಿ ತಿರುವಿಗೂ ಅವನು, “ನೋಡು, ನೋಡು, ಏರ್ತಿದೆ. ಬ್ರೇಕ್ ಮುಟ್ಬೇಡ. ಮುಟ್ಟಿದ್ಯಲ್ಲೋ” ಎನ್ನುತ್ತ ಕೂತಿದ್ದ. ಹಿಂದೆ ಕೂತಿದ್ದ ಒಬ್ಬ ಮುದುಕಿ, “ಈ ಬಸ್ಸಿಗೆ ಇಬ್ಬರು ಡ್ರೈವರಾ?” ಎಂದು ಕೇಳಿದಳು. ಕೆಳಗೆ ತಲುಪಿದಾಗ ತಲಶ್ಶೇರಿ ಡ್ರೈವರು ಮೀಟರನ್ನು ಬಗ್ಗಿ ನೋಡಿ, ನಮಗೆಲ್ಲ ಚಹಾ ಕೊಡಿಸಿದ.

ಅಲ್ಲಿಗೆ ಚಾರ್ಜರಿನ ಹೊತ್ತು ಸಿಕ್ಕಿತು. ಮದುವೆ ಊಟದ ಹಾಗೆ ಬಸ್ಸುಗಳನ್ನು ಪಂಕ್ತಿ ಮಾಡಿದೆವು. ಬಿಸಿಲು ಏರುತ್ತಿದ್ದಂತೆ ಮೊದಲ ಪಂಕ್ತಿ, ನಡುಹಗಲಿನ ನಂತರ ಎರಡನೆಯದು. ಮೊದಲ ಪಂಕ್ತಿಯಲ್ಲಿ ಉಂಡ ಬಸ್ಸು ನಡುಹಗಲಿಗೆ ತಿರುನೆಲ್ಲಿಗೆ ಹೋಗಬೇಕು. ಬೆಳಿಗ್ಗೆ ತಿರುನೆಲ್ಲಿಗೆ ಹೋಗಿ ತಡವಾಗಿ ಬಂದದ್ದು ಎರಡನೆಯ ಪಂಕ್ತಿಯಲ್ಲಿ ಉಣ್ಣಬೇಕು. ಕೇಳಲು ಎಷ್ಟು ಚೆಂದ. ಆದರೆ ಇದರ ಅರ್ಥ ಏನೆಂದರೆ, ವರ್ಗೀಸ್ ಬೆಳಿಗ್ಗೆ ಒಂದು ಬಸ್ಸು, ನಡುಹಗಲಿಗೆ ಇನ್ನೊಂದು ಬಸ್ಸು ಓಡಿಸಬೇಕು.

“ಆಗಲ್ಲ” ಅಂದ ವರ್ಗೀಸ್.

ನಮ್ಮ ಕಡೆ ಡ್ರೈವರಿಗೂ ಬಸ್ಸಿಗೂ ಇರುವ ನಂಟು ಹೊರಗಿನವರಿಗೆ ತಿಳಿಯುವುದಿಲ್ಲ. ಅವನ ಬಸ್ಸಿನಲ್ಲಿ ಅವನ ಚರ್ಚಿನ ಮಾತೆಯ ಚಿತ್ರ, ಅವಳಿಗೆ ಪ್ಲಾಸ್ಟಿಕ್ ಗುಲಾಬಿ ಹಾರ, ಬೆನ್ನುನೋವಿಗೆ ಹೆಂಡತಿ ಹೊಲಿದ ದಿಂಬು, ಬೆವರೊರೆಸುವ ತೋರ್ತು, ಕುಡಿಯುವ ಜೀರಿಗೆ ನೀರಿನ ಬಾಟಲಿ. ಅದು ಕಂಪನಿಯ ಬಸ್ಸಲ್ಲ, ಅವನ ಮನೆ. ನನ್ನ ಮನೆಗೆ ಇನ್ನೊಬ್ಬ ಬಂದು ಕೂರುವುದು, ನಾನು ಇನ್ನೊಬ್ಬನ ಮನೆಗೆ ಹೋಗಿ ಕೂರುವುದು, ಇದೇನು ಧರ್ಮಶಾಲೆಯಾ ಎಂದು ಕೇಳಿದ. ಉಳಿದ ಡ್ರೈವರುಗಳೂ ಅವನ ಹಿಂದೆ ನಿಂತರು. ಮುತಲಾಳಿ ಗದರಿಸಿ ನೋಡಿದರು. ಗದರಿಸಿದ ಮೇಲೆ ಡ್ರೈವರುಗಳು ಇನ್ನೂ ಗಟ್ಟಿಯಾದರು. ಮಳೆಗಾಲ ಹತ್ತಿರ ಬರುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಹೋಟೆಲಿನಲ್ಲಿ ಅವನ ಎಲೆಯ ಮುಂದೆ ನಿಂತು ಬೈದೆ. “ವರ್ಗೀಸ್, ನಿನ್ನ ದಿಂಬಿಗೋಸ್ಕರ ಬೊಮ್ಮಕ್ಕ ಆನೆ ಕಾಲಡಿ ಸಾಯ್ಬೇಕಾ? ಅವಳು ನಿನ್ನ ಬಸ್ಸಲ್ಲಿ ಎಷ್ಟು ವರ್ಷದಿಂದ ಕೂತಿದಾಳೆ, ಯೋಚನೆ ಮಾಡಿದ್ಯಾ?”

ಅವನು ಅನ್ನ ಕಲೆಸುವುದನ್ನು ನಿಲ್ಲಿಸಿದ. “ಬೊಮ್ಮಕ್ಕನ ವಿಷಯ ನನಗೆ ಹೇಳ್ಕೊಡ್ಬೇಡಿ ಚೇಚಿ. ಅವಳಿಗೆ ಅಂತ ನಾನು ಸ್ಟಾಪ್ ಇಲ್ಲದ ಕಡೆ ನಿಲ್ಸೋದು ನಿಮಗೂ ಗೊತ್ತು. ಆದ್ರೆ ನನ್ನ ಬೆನ್ನು ಆ ದಿಂಬಿಲ್ಲದೆ ಒಂದು ಟ್ರಿಪ್ ಓಡಲ್ಲ. ಆ ಹಾರ ನನ್ನ ಅಮ್ಮ ಹಾಕಿದ್ದು. ಅದನ್ನ ಬೇರೆಯವನ ಕೈಗೆ ಹೆಂಗೆ ಕೊಡಲಿ?”

ಆಗ ನನಗೆ ಹೊಳೆಯಿತು: ಇವನು ಬಸ್ಸಿಗಾಗಿ ಜಗಳವಾಡುತ್ತಿಲ್ಲ, ಒಳಗಿರುವ ಸಂಸಾರಕ್ಕಾಗಿ. ಹಳೆಯ ಖಾಕಿ ಸಮವಸ್ತ್ರಗಳನ್ನು ಕೇಳಿ ತಂದು, ರಜೆಯ ದಿನ ಹೊಲಿಗೆ ಯಂತ್ರದ ಮುಂದೆ ಕೂತೆ. ಪ್ರತಿಯೊಬ್ಬ ಡ್ರೈವರಿಗೂ ಒಂದು ಚೀಲ. ದಿಂಬಿಗೆ ಒಂದು ಗೂಡು, ಬಾಟಲಿಗೆ ಒಂದು, ದೇವರಿಗೆ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಹಾಕಿದ ಜೇಬು. ಪ್ರತಿ ಬಸ್ಸಿನಲ್ಲೂ ಡ್ರೈವರಿನ ಎದುರಿಗೆ ಒಂದು ಕೊಕ್ಕೆ ಹೊಡೆಸಿದೆವು. ಚೀಲ ಕೊಕ್ಕೆಗೆ ಹಾಕಿದರೆ ಮಾತೆ ಎದುರಿಗೆ, ದಿಂಬು ಬೆನ್ನಿಗೆ, ಸಂಸಾರ ಸಿದ್ಧ. ವರ್ಗೀಸನ ಚೀಲಕ್ಕೆ ನಾನು ಕೆಂಪು ದಾರದಲ್ಲಿ ಗುಲಾಬಿ ಕಸೂತಿ ಹಾಕಿದೆ. ಲಂಚ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವನು ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದ. “ಹೊಲಿಗೆ ಸ್ವಲ್ಪ ಸೊಟ್ಟ” ಅಂದ. ತೆಗೆದುಕೊಂಡು ಹೋದ.

ಹೊಸ ಪಂಕ್ತಿ ಶುರುವಾದ ದಿನ ನಾನು ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ. ಶಹನಾ ಚಾರ್ಜರಿನ ಬಳಿ, ನಾನು ಗೇಟಿನ ಬಳಿ. ಪುಲ್ಪಳ್ಳಿಗೆ ಹೋಗಿ ಬಂದಿದ್ದ ಬಸ್ಸು ಬಿಸಿಲಿನಲ್ಲಿ ಉಂಡು ಎದ್ದು ನಿಂತಿತ್ತು. ವರ್ಗೀಸ್ ತಿರುನೆಲ್ಲಿಯಿಂದ ಬಂದ, ತನ್ನ ಬಸ್ಸಿನಿಂದ ಇಳಿದ, ಹಿಂದಿರುಗಿ ಒಮ್ಮೆ ಅದರ ಮೈ ಸವರಿದ. ಆಮೇಲೆ ಚೀಲ ಹೆಗಲಿಗೇರಿಸಿ ಪುಲ್ಪಳ್ಳಿ ಬಸ್ಸಿಗೆ ಹತ್ತಿ ಅದನ್ನು ಕೊಕ್ಕೆಗೆ ಹಾಕಿದ. ನಾನು ಅಲ್ಲೇ ಗೇಟಿನ ಕಂಬ ಹಿಡಿದು ಕಣ್ಣೊರೆಸಿಕೊಂಡೆ. ಮುತಲಾಳಿ ನೋಡಿ, “ಧೂಳಾ?” ಅಂದರು. ಧೂಳು ಎಂದೆ.

ಆ ದಿನ ನಾನೂ ನಡುಹಗಲ ಬಸ್ಸಿಗೆ ಹತ್ತಿದೆ. ಕೆಲಸ ಹೇಗೆ ನಡೆಯುತ್ತದೆ ನೋಡಲು ಎಂದು ಆಫೀಸಿನಲ್ಲಿ ಹೇಳಿದ್ದೆ. ಸ್ಟಾಂಡಿನಲ್ಲಿ ಬೊಮ್ಮಕ್ಕ ಖಾಲಿ ಬುಟ್ಟಿ ಹಿಡಿದು ಹತ್ತಿ ನನ್ನ ಪಕ್ಕ ಕೂತಳು. ಕಾಟ್ಟಿಕುಳ ದಾಟುವವರೆಗೆ ಅವಳು ಬಸ್ಸನ್ನೇ ಬೈಯುತ್ತಿದ್ದಳು. “ಕಳ್ಳನ್ ತರ ಬತ್ತದೆ ಇದು. ಹಿಂದೆ ಬಂದು ನಿಂತ್ರೂ ಗೊತ್ತಾಗಾಕಿಲ್ಲ. ಡ್ರೈವರಂಗೆ ಹೇಳು, ಹಾರನ್ ಹೊಡಿಲಿ.” ಹೇಳುತ್ತೇನೆ ಎಂದೆ. ಅವಳಿಗೆ ಏನೂ ತಿಳಿದಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ. ಕಾಡು ಶುರುವಾಯಿತು. ಬಿದಿರಿನ ನಡುವೆ ಬಿಸಿಲು ಚೆನ್ನಾಗಿ ಬಿದ್ದಿತ್ತು.

ಆಗ ಅವಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. “ಈ ಬಸ್ಸು ನಿಲ್ಲಿಸ್ತಾರೆ ಅಂತ ನಂಗೆ ಗೊತ್ತಿತ್ತು ಗೌರಕ್ಕ.”

ಯಾರು ಹೇಳಿದರು ಎಂದು ಕೇಳಿದೆ.

“ವರ್ಗೀಸ್ ಹೇಳ್ದ. ಪಾಪ, ಅತ್ತಂಗೆ ಹೇಳ್ದ. ಮಾರನೇ ದಿನ ನೀನು ಬಂದು ಕೂತ್ಕೊಂಡೆ. ಇವಳು ಈಗ ಹೇಳ್ತಾಳೆ, ನಾಳೆಯಿಂದ ಬರೋದು ಬ್ಯಾಡ ಅಂತ ನಾನು ಎದೆ ಗಟ್ಟಿ ಮಾಡ್ಕೊಂಡೆ. ನೀನು ಸೊಪ್ಪು ತಕ್ಕೊಂಡ್ ಹೋದೆ. ಮರುದಿನಾನೂ ಹಂಗೇ. ಇವಳು ಹೇಳ್ತಿಲ್ಲ ಅಂದ್ರೆ ಇನ್ನೂ ಏನೋ ನೋಡ್ತಾವ್ಳೆ ಅಂತ ಗೊತ್ತಾಯ್ತು. ಅದಕ್ಕೇ ದಿನಾ ಬಂದೆ. ನೀನು ಬಾಯ್ಬಿಟ್ಟು ಹೇಳಿದ್ರೆ ಅವತ್ತೇ ಬುಟ್ಟಿ ಕೆಳಗೆ ಇಡ್ತಿದ್ದೆ.”

ನಾನು ಅವಳ ಕೈ ಹಿಡಿದುಕೊಂಡೆ. ಎಷ್ಟು ಹೊತ್ತು ಹಿಡಿದುಕೊಂಡಿದ್ದೆನೋ ತಿಳಿಯದು. ಅವಳು ಬಿಡಿಸಿಕೊಳ್ಳಲಿಲ್ಲ. ಸ್ಟಾಪ್ ಇಲ್ಲದ ಕಡೆ ವರ್ಗೀಸ್ ಬಸ್ಸು ನಿಲ್ಲಿಸಿದ. ಅವಳು ಬುಟ್ಟಿ ಎತ್ತಿಕೊಂಡು ಬಾಗಿಲಿಗೆ ಹೋಗಿ, ಮೆಟ್ಟಿಲ ಮೇಲೆ ನಿಂತು ತಿರುಗಿದಳು.

“ನಾಳೆ ಐತಾ ಬಸ್ಸು?”

“ಐತೆ” ಅಂದೆ.

ಅವಳು ಇಳಿದು, ಹಗಲ ಬೆಳಕಿನಲ್ಲಿ ಹಾಡಿಯ ದಾರಿ ಹಿಡಿದಳು.